ಬಿಗಿ ಟೈರಿಗೆ ಬೇಕಾದ್ದು ಬಲವಲ್ಲ, ಸಡಿಲ

ಮೌಂಟನ್ ಬೈಕಿನ ಟೈರ್ ರಿಮ್ ಬಿಟ್ಟು ಬರುತ್ತಿಲ್ಲವೆಂದರೆ ಕೊರತೆ ನಿಮ್ಮ ತೋಳ್ಬಲದ್ದಲ್ಲ, ಟೈರಿಗೆ ಸಿಗಬೇಕಾದ ಸಡಿಲದ್ದು. ಟೈರಿನ ಅಂಚಿನೊಳಗೆ ಉಕ್ಕಿನ ತಂತಿಯೋ ಅರಾಮಿಡ್ ನಾರೋ ಇರುತ್ತದೆ. ಎಷ್ಟು ಎಳೆದರೂ ಅದು ಹಿಗ್ಗುವುದಿಲ್ಲ. 29 ಇಂಚಿನ ಚಕ್ರದಲ್ಲಿ ಈ ಅಂಚು ಕೂರುವ ಜಾಗದ ವ್ಯಾಸ 622 ಮಿಲಿಮೀಟರ್. ರಿಮ್ಮಿನ ನಡುವಿನ ತಗ್ಗಿನಲ್ಲಿ ಅದಕ್ಕಿಂತ ಕಡಿಮೆ. ಆದ್ದರಿಂದ ಗಾಳಿಯನ್ನು ಪೂರ್ತಿ ಬಿಟ್ಟು, ಎರಡೂ ಬದಿಯ ಅಂಚನ್ನು ಸುತ್ತಲೂ ಹೆಬ್ಬೆರಳಿನಿಂದ ಒತ್ತಿ ಆ ತಗ್ಗಿಗೆ ಇಳಿಸಿ. ವಾಲ್ವ್ ಇರುವಲ್ಲಿ ಮಾತ್ರ ಅಂಚು ಇಳಿಯದು. ಹಾಗಾಗಿ ಲಿವರ್ ಹಾಕುವುದನ್ನು ಅಲ್ಲಿಂದಲೇ ಶುರುಮಾಡಿ, ಎದುರು ಬದಿಯನ್ನು ತಗ್ಗಿನಲ್ಲೇ ಹಿಡಿದಿಡಿ.

ಸ್ಕ್ರೂಡ್ರೈವರ್ ಇದ್ದರೆ ಇಷ್ಟೆಲ್ಲ ಏಕೆ ಎನ್ನಬಹುದು. ಅದರಿಂದಲೂ ಟೈರ್ ಬಂದೀತು, ನಿಜ. ಜೊತೆಗೆ ರಿಮ್ ಟೇಪ್ ಹರಿದೀತು, ಟ್ಯೂಬ್ ತೂತಾದೀತು, ಕಾರ್ಬನ್ ರಿಮ್ಮಿನ ಅಂಚು ಸೀಳೀತು. ಟ್ಯೂಬ್‌ಲೆಸ್ ಟೈರ್ ಬೆರಳಿಗೆ ಜಗ್ಗುವುದೇ ಇಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆಗ ಅಂಚಿಗೆ ಸೋಪಿನ ನೀರು ಸವರಿ, ಬ್ರೇಕ್ ಡಿಸ್ಕ್ ಮೇಲ್ಮುಖವಾಗುವಂತೆ ಚಕ್ರವನ್ನು ಮಲಗಿಸಿ, ಸ್ಪೋಕ್ ಮೇಲೆ ಭಾರ ಬೀಳದ ಹಾಗೆ ಟೈರಿನ ಪಕ್ಕೆಯನ್ನಷ್ಟೇ ಮೆಲ್ಲಗೆ ಮೆಟ್ಟಿ. ಒಂದು ಕಡೆ ಕಳಚಿಕೊಂಡರೆ ಉಳಿದದ್ದು ಹಿಂದೆಯೇ ಬರುತ್ತದೆ. ಪ್ಲಾಸ್ಟಿಕ್ ಲಿವರ್ ಮುರಿಯುವಷ್ಟು ಬಲ ಬೇಕಾಯಿತೆಂದರೆ ಎದುರು ಬದಿ ತಗ್ಗಿನಿಂದ ಮೇಲೆದ್ದಿದೆಯೇ ಎಂದು ಮೊದಲು ನೋಡಿ.