ಒಂದು ಟ್ಯಾಗ್, ಒಂದೇ ಪ್ರಶ್ನೆ

ಡೆಬಿಯನ್ ಎಂಬ ಕಾರ್ಯಾಚರಣ ವ್ಯವಸ್ಥೆ ಶುರುವಾದದ್ದು 1993ರಲ್ಲಿ. ನಡೆಸುವವರು ಸ್ವಯಂಸೇವಕರು. ಅದರ ಪ್ಯಾಕೇಜ್‌ಗಳ, ಅಂದರೆ ಹಾಕಿಕೊಳ್ಳಲು ಸಿದ್ಧವಿರುವ ತಂತ್ರಾಂಶದ ಕಟ್ಟುಗಳ, ಸಂಖ್ಯೆ ಅರವತ್ತು ಸಾವಿರ ದಾಟಿದೆ. ಈ ರಾಶಿಯಲ್ಲಿ ಬೇಕಾದದ್ದು ಕೈಗೆ ಸಿಗಲೆಂದು ಎನ್ರಿಕೊ ಝಿನಿ ಕಟ್ಟಿದ, ಪ್ಯಾಕೇಜ್‌ಗಳಿಗೆ ಗುಣ ಹೇಳುವ ಟ್ಯಾಗ್ ಹಚ್ಚುವ ವ್ಯವಸ್ಥೆ ಡೆಬ್‌ಟ್ಯಾಗ್ಸ್. ಬಿಡುವಾದಾಗ ಅದರಲ್ಲಿ ಟ್ಯಾಗ್ ಹಚ್ಚುತ್ತ ಕಲಿತದ್ದು ಇಷ್ಟು.

1. ವಿಭಾಗವನ್ನು ನೆಚ್ಚಿಕೊಳ್ಳಬೇಡಿ. ಡೆಬಿಯನ್‌ನಲ್ಲಿ ಒಂದು ಪ್ಯಾಕೇಜ್‌ಗೆ ಒಂದೇ ವಿಭಾಗ. ‘ಮಟ್’ ಎಂಬ ಇಮೇಲ್ ತಂತ್ರಾಂಶ ಇರುವುದು ‘ಮೇಲ್’ ವಿಭಾಗದಲ್ಲಿ, ಸರಿ. ಆದರೆ ಅದು ಟರ್ಮಿನಲ್‌ನಲ್ಲಿ ಓಡುತ್ತದೆ ಎಂಬುದು ಅಲ್ಲಿಂದ ತಿಳಿಯುವುದಿಲ್ಲ. ಹುಡುಕುವವನಿಗೆ ಬೇಕಾದದ್ದು ಎಷ್ಟೋ ಸಲ ಅದೇ.

2. ಟ್ಯಾಗ್ ಹಚ್ಚುವ ಮೊದಲು, ಅದು ಯಾವ ಪ್ರಶ್ನೆಗೆ ಉತ್ತರ ಎಂದು ಕೇಳಿಕೊಳ್ಳಿ. ಡೆಬ್‌ಟ್ಯಾಗ್ಸ್‌ನಲ್ಲಿ ಪ್ರತಿ ಟ್ಯಾಗ್‌ಗೂ ಎರಡು ಭಾಗ: ಮೊದಲನೆಯದು ಪ್ರಶ್ನೆ, ಎರಡನೆಯದು ಉತ್ತರ. ‘ಯೂಸ್::ಎಡಿಟಿಂಗ್’ ಎಂದರೆ ತಿದ್ದುವ ಕೆಲಸಕ್ಕೆ. ‘ವರ್ಕ್ಸ್-ವಿತ್::ಟೆಕ್ಸ್ಟ್’ ಎಂದರೆ ಅದು ಮುಟ್ಟುವ ಸಾಮಗ್ರಿ ಪಠ್ಯ. ಹೀಗೆ ಮುಖಮುಖವಾಗಿ ಬಿಡಿಸಿ ನೋಡುವ ಕ್ರಮ ಎಸ್.ಆರ್. ರಂಗನಾಥನ್ ಅವರದು. 1933ರಲ್ಲಿ ಗ್ರಂಥಾಲಯಗಳಿಗಾಗಿ ಕೋಲನ್ ವರ್ಗೀಕರಣ ಪ್ರಕಟಿಸಿದವರು, 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ (ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ) ಕಟ್ಟಿದವರು. ನಮ್ಮೂರ ಗ್ರಂಥಾಲಯ ವಿಜ್ಞಾನದವರು ಇಂಥ ಕೆಲಸಕ್ಕೆ ಇಳಿದರೆ ನಮ್ಮಂಥ ಪ್ರೋಗ್ರಾಮರ್‌ಗಳಿಗಿಂತ ಚೆನ್ನಾಗಿ ಮಾಡುತ್ತಾರೆ ಎಂಬುದು ನನ್ನ ಗಟ್ಟಿ ಅನಿಸಿಕೆ.

3. ಗಲಿಬಿಲಿ ಹುಟ್ಟುವುದು ಪಕ್ಕಪಕ್ಕದ ಪ್ರಶ್ನೆಗಳಲ್ಲಿ. ಪೈಥಾನ್‌ನಲ್ಲಿ ಬರೆದ ಆಟವೊಂದು ಬಂತೆನ್ನಿ. ಅದಕ್ಕೆ ‘ಇಂಪ್ಲಿಮೆಂಟೆಡ್-ಇನ್::ಪೈಥಾನ್’ ಸಲ್ಲುತ್ತದೆ. ‘ಡೆವೆಲ್::ಲ್ಯಾಂಗ್:ಪೈಥಾನ್’ ಸಲ್ಲದು, ಅದು ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯುವವರ ಸಲಕರಣೆಗಳಿಗೆ. ಎರಡನ್ನೂ ಹಚ್ಚಿದರೆ, ಡಿಬಗರ್ ಹುಡುಕುತ್ತ ಬಂದವನ ಮುಂದೆ ಹಾವು ಏಣಿ ಆಟ ಬಂದು ನಿಲ್ಲುತ್ತದೆ. ಹಾಗೆಯೇ ಟರ್ಮಿನಲ್‌ನಲ್ಲಿ ಓಡುವುದೆಲ್ಲ ‘ಕಮಾಂಡ್‌ಲೈನ್’ ಅಲ್ಲ. ಆದೇಶ ಕೊಟ್ಟರೆ ಉತ್ತರ ಚೆಲ್ಲಿ ಮುಗಿಸುವಂಥದ್ದು ಕಮಾಂಡ್‌ಲೈನ್. ಮಟ್ ಅಥವಾ ಪಠ್ಯ ತಿದ್ದುವ ವಿಮ್‌ನಂತೆ ಪೂರ್ತಿ ಪರದೆಯನ್ನು ಆವರಿಸಿ ಕೂರುವಂಥದ್ದು ‘ಟೆಕ್ಸ್ಟ್-ಮೋಡ್’. ಅನುಮಾನ ಬಂದರೆ ಪ್ಯಾಕೇಜನ್ನು ಹಾಕಿಕೊಂಡು ಓಡಿಸಿ ನೋಡಿ. ವಿವರಣೆಯ ಮೊದಲ ಸಾಲನ್ನಷ್ಟೇ ಓದಿ ಹಚ್ಚಿದ ಟ್ಯಾಗ್ ಬಹಳ ಸಲ ತಪ್ಪಿರುತ್ತದೆ.

4. ಹಚ್ಚುವ ಕೈಗಳು ಎಷ್ಟಾದರೂ ಇರಲಿ, ಪದಪಟ್ಟಿ ಕಾಯುವವರು ಕೆಲವೇ ಮಂದಿ ಇರಲಿ. ಯಾರು ಬೇಕಾದರೂ ಹೊಸ ಟ್ಯಾಗ್ ಹುಟ್ಟಿಸಬಹುದಾದರೆ ‘ಇಮೇಜ್’, ‘ಪಿಕ್ಚರ್’, ‘ಫೋಟೊ’ ಮೂರೂ ಬರುತ್ತವೆ, ಮೂರರಲ್ಲೂ ಅರ್ಧಂಬರ್ಧ ಪಟ್ಟಿ ಉಳಿಯುತ್ತದೆ. ಕನ್ನಡದ ಗುಬ್ಬಿ, ನವಿಲು ಫಾಂಟ್‌ಗಳನ್ನೇ ನೋಡಿ. ನವಿಲು ಕೈಬರಹದ ಶೈಲಿಯದು. ಅದಕ್ಕೆಂದೇ ಒಂದು ಟ್ಯಾಗ್ ಬೇಕೆಂಬ ಆಸೆ ನನಗೂ ಆದೀತು. ಬೇಡ. ಎರಡಕ್ಕೂ ‘ಮೇಡ್-ಆಫ್::ಫಾಂಟ್’ ಸಾಕು, ಉಳಿದದ್ದನ್ನು ವಿವರಣೆ ಹೇಳಲಿ.

5. ಟ್ಯಾಗ್‌ಗಳು ಪ್ಯಾಕೇಜಿನ ಹೊರಗಿರಲಿ. ಡೆಬ್‌ಟ್ಯಾಗ್ಸ್‌ನಲ್ಲಿ ಅವುಗಳ ದತ್ತಾಂಶ ಬೇರೆಯೇ ಇದೆ. ಒಂದು ಟ್ಯಾಗ್ ತಿದ್ದಲು ನಿರ್ವಾಹಕರು ಇಡೀ ಪ್ಯಾಕೇಜನ್ನು ಮತ್ತೆ ಕಟ್ಟಿ ಏರಿಸಬೇಕಿಲ್ಲ. ಸಂಬಳವಿಲ್ಲದೆ ದುಡಿಯುವವರ ಸಂಜೆಯ ಹೊತ್ತನ್ನು ಇಂಥದ್ದಕ್ಕೆ ಕೇಳಬಾರದು.

6. ಯಂತ್ರಕ್ಕೆ ಬರುವುದನ್ನು ಯಂತ್ರಕ್ಕೆ ಬಿಡಿ. ಹೆಸರಿನ ಕೊನೆಯಲ್ಲಿ ‘-ಡೆವ್’ ಇರುವ ಲೈಬ್ರರಿ ಯಾವ ಬಗೆಯದೆಂದು ಹೇಳಲು ಮನುಷ್ಯ ಬೇಕಿಲ್ಲ.

7. ಟ್ಯಾಗ್ ಇಲ್ಲ ಎಂದರೆ ಆ ಗುಣ ಇಲ್ಲ ಎಂದಲ್ಲ. ಯಾರೂ ಇನ್ನೂ ನೋಡಿಲ್ಲ ಎಂದಿರಬಹುದು. ಅದಕ್ಕೇ ‘ಇನ್ನೂ ಟ್ಯಾಗ್ ಆಗಿಲ್ಲ’ ಎಂದು ಸಾರುವ ಪ್ರತ್ಯೇಕ ಟ್ಯಾಗನ್ನೇ ಇಟ್ಟಿದ್ದರು. ಹುಡುಕುವಾಗ ಎರಡು ಟ್ಯಾಗ್‌ಗಳಿಂದ ಶುರುಮಾಡಿ, ಪಟ್ಟಿ ಉದ್ದವಾದರಷ್ಟೇ ಮೂರನೆಯದನ್ನು ಸೇರಿಸಿ.