ಮಾನ್ಯಪುರದಿಂದ ತಲಕಾಡಿನವರೆಗೆ: ಗಂಗರಾಜ್ಯದ ಪತನ ಮತ್ತು ಕನ್ನಡ ಕಾವ್ಯದ ಆಶ್ರಯ

ಪ್ರಭುತ್ವವೊಂದು ಕುಸಿದಾಗ ಅದರ ಆಶ್ರಯದಲ್ಲಿ ಬೆಳೆದ ಸಾಹಿತ್ಯ ಏನಾಗುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಸಾಹಿತ್ಯಚರಿತ್ರೆಗಳು ನೇರವಾಗಿ ಎತ್ತಿಕೊಂಡದ್ದು ಕಡಿಮೆ. ಕವಿಗಳನ್ನು ಅರಸುಮನೆತನಗಳ ಅಡಿಯಲ್ಲಿ ವಿಂಗಡಿಸುವ ಪದ್ಧತಿಯಲ್ಲಿ ತಲಕಾಡಿನ ಗಂಗರು ಪೀಠಿಕೆಯ ಭಾಗವಾಗಿಯೇ ಉಳಿದುಬಿಟ್ಟಿದ್ದಾರೆ. ಸುಮಾರು ಆರೂವರೆ ಶತಮಾನ ಬಾಳಿದ ರಾಜ್ಯವೊಂದಕ್ಕೆ ಇದು ತಕ್ಕ ಸ್ಥಾನವಲ್ಲ.

ಬೆಂಗಳೂರು–ತುಮಕೂರು ಹೆದ್ದಾರಿಯಲ್ಲಿ ಪೀಣ್ಯದ ಕಾರ್ಖಾನೆಗಳನ್ನು ಕಳೆದು ಮಾಕಳಿಯನ್ನು ದಾಟಿದರೆ ಸಿಗುವ ನೆಲಮಂಗಲ ತಾಲ್ಲೂಕಿನಲ್ಲಿಯೇ ಮಣ್ಣೆ ಇದೆ. ಶಾಸನಗಳ ಮಾನ್ಯಪುರ ಇದೇ. ಕೋಲಾರದಲ್ಲಿ ನಾಲ್ಕನೆಯ ಶತಮಾನದ ನಡುಭಾಗದಲ್ಲಿ ಕೊಂಗಣಿವರ್ಮನಿಂದ ಮೊದಲಾಗಿ ತಲಕಾಡಿಗೆ ಸರಿದ ರಾಜ್ಯ ಎಂಟನೆಯ ಶತಮಾನದಲ್ಲಿ ಶ್ರೀಪುರುಷನ ಕಾಲಕ್ಕೆ ಇಲ್ಲಿ ನೆಲೆಯೂರಿತ್ತು. ಗಮನಿಸಬೇಕಾದ ಸಂಗತಿಯೆಂದರೆ, 776ರ ದೇವರಹಳ್ಳಿ ತಾಮ್ರಪಟ ಮಾನ್ಯಪುರವನ್ನು ವಿಜಯಸ್ಕಂಧಾವಾರವೆಂದು, ಅಂದರೆ ಬೀಡೆಂದು ಕರೆಯುತ್ತದೆ. ನಮ್ಮ ಪಠ್ಯಪುಸ್ತಕಗಳು 'ರಾಜಧಾನಿ'ಯೆಂಬ ಪದವನ್ನು ತುಸು ಧಾರಾಳವಾಗಿಯೇ ಬಳಸುತ್ತವೆ. ಬೀಡನ್ನು ಎತ್ತಿ ಬೇರೆಡೆ ಹೂಡಬಹುದು. ಗಂಗರ ದೀರ್ಘಾಯುಷ್ಯದ ಒಂದು ಕಾರಣ ಇಲ್ಲಿದೆ.

ಮಣ್ಣೆಯ ಎರಡು ತಾಮ್ರಪಟಗಳನ್ನು ಒಟ್ಟಿಗೆ ಇಟ್ಟು ಓದಬೇಕು. 797ರದು ಸೇನಾನಿ ಶ್ರೀವಿಜಯನು ಕಟ್ಟಿಸಿದ ಬಸದಿಗೆ ಗಂಗ ಯುವರಾಜ ಮಾರಸಿಂಹನು ಕೊಟ್ಟ ದತ್ತಿ. 802ರದು ಮಾನ್ಯಪುರದ ಬಸದಿಗೇ ರಾಷ್ಟ್ರಕೂಟರಿಂದ ಸಂದ ದತ್ತಿ. ಧ್ರುವನು ಇಮ್ಮಡಿ ಶಿವಮಾರನನ್ನು ಸೆರೆಯಲ್ಲಿಟ್ಟು ಗಂಗವಾಡಿಗೆ ತನ್ನ ಮಗ ಕಂಬರಸನನ್ನು ನೇಮಿಸಿದ್ದನು. ಒಡೆಯರು ಬದಲಾದರೂ ಬಸದಿಯ ಪೋಷಣೆ ನಿಲ್ಲಲಿಲ್ಲ. ಸೆರೆಯಾದ ಶಿವಮಾರನ 'ಗಜಾಷ್ಟಕ'ವಾದರೋ ಓವನಿಗೆಯಾಗಿ, ಒನಕೆವಾಡಾಗಿ ಜನರ ಬಾಯಲ್ಲಿತ್ತೆಂದು ಶಾಸನ ಹೇಳುತ್ತದೆ. ಕೃತಿ ಮಾತ್ರ ಉಳಿದಿಲ್ಲ.

ಮುಂದೆ ವೈರ ನಂಟಾಯಿತು. ಅಮೋಘವರ್ಷನ ಮಗಳು ಚಂದ್ರೋಬಲಬ್ಬೆಯನ್ನು ಒಂದನೆಯ ಬೂತುಗನೂ ಮೂರನೆಯ ಕೃಷ್ಣನ ಸೋದರಿ ರೇವಕನಿಮ್ಮಡಿಯನ್ನು ಇಮ್ಮಡಿ ಬೂತುಗನೂ ವರಿಸಿದರು. 949ರ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದವನು ಈ ಇಮ್ಮಡಿ ಬೂತುಗನೇ. ಆದರೆ ಉಳಿಸಿದ ನಂಟೇ ರಾಜ್ಯವನ್ನು ಬಯಲಿಗೂ ತಂದಿತು. 973ರಲ್ಲಿ ತೈಲಪನಿಂದ ರಾಷ್ಟ್ರಕೂಟ ಪ್ರಭುತ್ವ ಅಳಿಯಿತು. ಮರುವರ್ಷವೇ ಮಾರಸಿಂಹನು ಬಂಕಾಪುರದಲ್ಲಿ ಸಲ್ಲೇಖನವನ್ನು ಕೈಗೊಂಡನು. ತಲಕಾಡು ಚೋಳರ ವಶವಾದದ್ದು ಸುಮಾರು 1004ರಲ್ಲಿ. ಪತನವನ್ನು 1004ಕ್ಕೆ ಕಟ್ಟಿಹಾಕುವುದಕ್ಕಿಂತ 973ರಿಂದ ಎಣಿಸುವುದು ಹೆಚ್ಚು ಸಮಂಜಸ.

ಈ ಮೂವತ್ತು ವರ್ಷಗಳ ಇಳಿಗಾಲ ಸಾಹಿತ್ಯದ ದೃಷ್ಟಿಯಿಂದ ಬರಡಲ್ಲವೆಂಬುದೇ ಇಲ್ಲಿನ ಮುಖ್ಯ ವಿಚಾರ. ಚಾವುಂಡರಾಯನ ಗದ್ಯಪುರಾಣ ಪೂರ್ಣವಾದದ್ದು 978ರಲ್ಲಿ. 'ಛಂದೋಂಬುಧಿ'ಯ ನಾಗವರ್ಮನಿಗೆ ಆಶ್ರಯವಿತ್ತವನು ರಕ್ಕಸಗಂಗ.

ಇಂಥ ಸ್ಥಿತಿಗೆ ಹೊರಗಿನ ಹೋಲಿಕೆಯೊಂದು ನೆರವಾಗುತ್ತದೆ. ಇಂದಿನ ಚೆಕ್ ಮತ್ತು ಸ್ಲೊವಾಕ್ ದೇಶಗಳ ನೆಲದಲ್ಲಿ 833ರ ಸುಮಾರಿಗೆ ಮೊಯ್ಮಿರನ ಕೈಯಲ್ಲಿ ತಲೆಯೆತ್ತಿದ ಸ್ಲಾವ್ ಜನರ ಮಹಾಮೊರಾವಿಯಾ ರಾಜ್ಯ, ಹತ್ತನೆಯ ಶತಮಾನದ ಆರಂಭದಲ್ಲಿ ಮಗ್ಯಾರರ ದಾಳಿಗೆ ಸಿಕ್ಕಿ ಕುಸಿಯಿತು. ಅದರ ಕೇಂದ್ರ ಯಾವ ಊರೆಂಬುದರಲ್ಲಿಯೂ ವಿದ್ವಾಂಸರಿಗೆ ಒಮ್ಮತವಿಲ್ಲ. 863ರಲ್ಲಿ ಅಲ್ಲಿಗೆ ಬಂದ ಸಿರಿಲ್ ಮತ್ತು ಮೆಥೋಡಿಯಸ್ ಸೋದರರು ಸ್ಲಾವ್ ನುಡಿಗೆ ಲಿಪಿಯನ್ನೂ ಗ್ರಂಥಗಳನ್ನೂ ಕೊಟ್ಟರು. 885ರಲ್ಲಿ ಮೆಥೋಡಿಯಸ್ ತೀರಿಕೊಂಡ ಮೇಲೆ ಶಿಷ್ಯರನ್ನು ಹೊರಗಟ್ಟಲಾಯಿತು. ಅವರು ಬಲ್ಗೇರಿಯಾವನ್ನು ಸೇರಿ ಆ ಪರಂಪರೆಯನ್ನು ಅಲ್ಲಿ ಬೆಳೆಸಿದರು. ರಾಜ್ಯ ಅಳಿಯುವ ಮುನ್ನವೇ ಬರಹ ಗಡಿ ದಾಟಿತ್ತು.

ಗಂಗವಾಡಿಯಲ್ಲಿ ಅಟ್ಟುವಿಕೆ ನಡೆಯಲಿಲ್ಲ. ಆದರೆ ದಾಟುವಿಕೆ ನಡೆಯಿತು. ಮುದುವೊಳಲಿನ ರನ್ನನು ಅಜಿತಸೇನರಲ್ಲಿ ಕಲಿತು ಚಾವುಂಡರಾಯನ ಆಸರೆ ಪಡೆದವನು. 993ರ ಅವನ 'ಅಜಿತಪುರಾಣ'ಕ್ಕೆ ಅತ್ತಿಮಬ್ಬೆ ಪೋಷಕಳು. 'ಗದಾಯುದ್ಧ'ದ ನಾಯಕ ತೈಲಪನ ಮಗ ಸತ್ಯಾಶ್ರಯ. ಗಂಗರ ಆಸರೆಯಾಗಿದ್ದ ರಾಷ್ಟ್ರಕೂಟರನ್ನು ಅಳಿಸಿದ ಮನೆತನದ ಕುವರನೇ ಗಂಗರ ಮಂತ್ರಿ ಪೋಷಿಸಿದ ಕವಿಗೆ ಭೀಮನಾದನು. ರನ್ನನನ್ನು ಚಾಲುಕ್ಯರ ಕವಿಯೆಂದಷ್ಟೇ ವಿಂಗಡಿಸಿದಾಗ ಮರೆಯಾಗುವುದು ಈ ಪಯಣ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ 'ಕವಿರತ್ನ' ಎಂಬ ಬರಹ ಇಂದಿಗೂ ಇದೆ.