ಹಚ್ಚೆಯ ಹಸುರು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ವೃದ್ಧೆಯರ ಹಣೆ ಮುಂಗೈಗಳಲ್ಲಿ ಹಚ್ಚೆಯನ್ನು ಕಾಣಬಹುದು. ಕೊರವಂಜಿಯರು ಸೂಜಿಯಿಂದ ಚುಚ್ಚಿ ತುಂಬುತ್ತಿದ್ದುದು ಮುಖ್ಯವಾಗಿ ಕಪ್ಪು ಮಸಿ, ಕಾಣುವುದು ನೀಲಿಹಸುರು. ಅಲ್ಲಿನ ತೆಲುಗು ಮಾತಿನಲ್ಲಿ ಅದರ ಹೆಸರೇ ‘ಪಚ್ಚಬೊಟ್ಟು’, ಅಂದರೆ ಹಸುರು ಬೊಟ್ಟು. ಕಪ್ಪು ಹೀಗೆ ಬಣ್ಣ ಬದಲಿಸಲು ಕಾರಣವೇನು?

ಹೊರಚರ್ಮದ ಕೋಶಗಳು ಕೆಲವು ವಾರಗಳಲ್ಲಿ ಉದುರಿಹೋಗುತ್ತವೆ. ಮಸಿಯ ಕಣಗಳಾದರೋ ಒಳಚರ್ಮದಲ್ಲಿ ಭಕ್ಷಕಕೋಶಗಳ ಸೆರೆಯಲ್ಲಿ ಉಳಿಯುತ್ತವೆ. ಚರ್ಮದ ಮೇಲೆ ಬಿದ್ದ ಕೆಂಪು ಬೆಳಕು ಆಳಕ್ಕಿಳಿದು ಮಸಿಯಲ್ಲಿ ಲೀನವಾಗುತ್ತದೆ. ನೀಲಿಯ ಕಡೆಯ ಬೆಳಕು ಮೇಲಿನ ಪದರದಲ್ಲಿಯೇ ಚೆದರಿ ಕಣ್ಣಿಗೆ ಮರಳುತ್ತದೆ.

ಚಿಕ್ಕ ಮುಖಪ್ರತಿಮೆಗೆ ಬಣ್ಣ ಕೊಡುವವರೂ ಈ ಪದರಗಳನ್ನೇ ಅನುಸರಿಸಬೇಕು. ಮೊದಲು ಅಕ್ರಿಲಿಕ್ ಮೈಬಣ್ಣ. ಒಣಗಿದ ಮೇಲೆ ನೀಲಿ ಬೆರೆತ ಬೂದುಬಣ್ಣದಿಂದ ಚುಕ್ಕಿ, ಗೆರೆ. ಅವೂ ಒಣಗಿದ ಮೇಲೆ, ಬಹಳ ನೀರು ಬೆರೆಸಿದ ಮೈಬಣ್ಣದ ತೆಳು ಲೇಪ ಎರಡು ಮೂರು ಸಲ. ಬರಿಯ ಕಪ್ಪನ್ನು ಮೇಲೆ ಬಳಿದರೆ ಅದು ಹಚ್ಚೆಯಾಗದು, ಮೆತ್ತಿದ ಮಸಿಯಾದೀತು.

ನ್ಯೂಜಿಲೆಂಡಿನ ಮಾವೋರಿಗಳ ‘ಮೋಕೊ’ ಬೇರೆ ಬಗೆಯದು. ಹಿಂದೆ ಅದನ್ನು ಮೂಳೆಯ ಉಳಿಯಿಂದ ಕೊರೆಯುತ್ತಿದ್ದರು. ಅಂಥ ಪ್ರತಿಮೆಯಲ್ಲಿ ಗೀರುಗಳ ಒಳಗೆ ನೆರಳನ್ನೂ ತೋರಿಸಬೇಕು. ಮೋಕೊ ಧರಿಸಿದವರ ವಂಶವನ್ನು ಸಾರುವುದರಿಂದ, ಒಬ್ಬರ ಗುರುತನ್ನು ಅಲಂಕಾರವೆಂದು ನಕಲು ಮಾಡುವುದು ಸಲ್ಲದು.

ನಮ್ಮ ಹಳೆಯ ಹಚ್ಚೆಗಳು ಹಿರಿಯರೊಡನೆಯೇ ಮರೆಯಾಗುತ್ತಿವೆ. ಅಜ್ಜಿಯ ಅನುಮತಿ ಪಡೆದು, ಅವರ ಮುಂಗೈಯನ್ನು ಹಗಲು ಬೆಳಕಿನಲ್ಲಿ ನೋಡಿ ಬಣ್ಣ ಬೆರೆಸಿರಿ.